ಚಳಿಗಾಲದ ಕತ್ತಲಲ್ಲಿ ಸೈಕಲ್: ಹಳದಿ ಜಾಕೆಟ್ ಸಾಕಾ, ಇನ್ನೇನಾದರೂ ಬೇಕಾ?

ಮೈಸೂರು_ಮಲ್ಲಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಆಗಸ್ಟ್‌ನಲ್ಲಿ ಮೈಸೂರಿನಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದೆವು. ಇಲ್ಲಿನ ಎಲ್ಲರ ಹಾಗೆ ನಾನೂ ಸೈಕಲ್ ಹಿಡಿದಿದ್ದೇನೆ. ಬೆಳಿಗ್ಗೆ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತೇನೆ, ಅಲ್ಲಿಂದ ವೆಲ್ಡ್‌ಹೋವನ್‌ನ ಆಫೀಸಿಗೆ ಹೋಗುತ್ತೇನೆ. ಅವಳಿಗೆ ನಾಲ್ಕು ವರ್ಷ. ಸೆಪ್ಟೆಂಬರ್ ಪೂರ್ತಿ ಚೆನ್ನಾಗಿತ್ತು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು ನೋಡಿ, ಆವತ್ತಿನಿಂದ ಸಂಜೆ ಆಫೀಸ್ ಬಿಡುವಾಗ ಕತ್ತಲೆ. ಈಗಂತೂ ಸೂರ್ಯ ಹುಟ್ಟುವುದೇ ಎಂಟೂವರೆ ದಾಟಿದ ಮೇಲೆ, ಮುಳುಗುವುದು ನಾಲ್ಕೂವರೆಗೆ. ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ, ಜೊತೆಗೆ ಮಳೆ.

ಕಳೆದ ವಾರ ಅಡ್ಡರಸ್ತೆಯಿಂದ ಬಂದ ಒಂದು ಕಾರು ನನ್ನ ಮುಂದಿನ ಚಕ್ರದಿಂದ ಒಂದೆರಡು ಅಡಿ ದೂರದಲ್ಲಿ ಗಕ್ಕನೆ ನಿಂತಿತು. ಮಗಳು ಹಿಂದೆ ಇದ್ದಳು. ನನ್ನ ದೀಪ ಎರಡೂ ಉರಿಯುತ್ತಿದ್ದವು, ದಾರಿ ಬಿಡಬೇಕಾದವರೂ ಅವರೇ. ಆ ಚಾಲಕ ಇಳಿದು ಬಂದು ಕ್ಷಮೆ ಕೇಳಿದರು, ನೀವು ಕಾಣಿಸಲೇ ಇಲ್ಲ ಎಂದರು. ಅವರು ಸುಳ್ಳು ಹೇಳಿದ ಹಾಗೆ ಅನ್ನಿಸಲಿಲ್ಲ, ಅದೇ ನನಗೆ ಜಾಸ್ತಿ ಭಯ.

ಇಲ್ಲಿ ನೋಡಿದರೆ ಅರ್ಧ ಊರೇ ಕಪ್ಪು ಕೋಟು ಹಾಕಿಕೊಂಡು ಓಡಾಡುತ್ತದೆ. ಯಜಮಾನರು ಹಳದಿ ಫ್ಲೋರೆಸೆಂಟ್ ಜಾಕೆಟ್ ತಗೋ ಅನ್ನುತ್ತಾರೆ. ಆಫೀಸಿನಲ್ಲಿ ಒಬ್ಬರು ಮಿಣಮಿಣ ಮಿನುಗುವ ದೀಪ ಹಾಕು, ಎಲ್ಲರೂ ತಿರುಗಿ ನೋಡುತ್ತಾರೆ ಅಂದರು. ಇನ್ನು ಜನವರಿಯಲ್ಲಿ ರಸ್ತೆ ಹೆಪ್ಪುಗಟ್ಟುತ್ತದಂತೆ, ಅದರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಇಂಥ ಕಡೆ ನಾಲ್ಕಾರು ಚಳಿಗಾಲ ಸೈಕಲ್ ಹೊಡೆದವರು ದಯವಿಟ್ಟು ಹೇಳಿ. ನಿಜವಾಗಿ ಕೆಲಸಕ್ಕೆ ಬರುವುದು ಏನು, ಸುಮ್ನೆ ದುಡ್ಡು ದಂಡ ಮಾಡುವುದು ಏನು?

ಡೊಮ್ಮೆಲ್_ದಂಡೆ

ನಮಸ್ಕಾರ ಅಕ್ಕಾ. ಮೊದಲು, ನೀವೂ ಮಗುವೂ ಕ್ಷೇಮವಾಗಿದ್ದೀರಲ್ಲ, ಅಷ್ಟು ಸಾಕು. ನಾನು ಇದೇ ಊರಿನಲ್ಲಿ ಬಹಳ ವರ್ಷಗಳಿಂದ ಇದ್ದೇನೆ, ಚಳಿಗಾಲದಲ್ಲೂ ಸೈಕಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದನ್ನು ಅರ್ಧಂಬರ್ಧ ತಿಳಿದುಕೊಂಡರೆ ಜಾಕೆಟ್ ಹಾಕಿದ ಧೈರ್ಯದಲ್ಲೇ ಜನ ಅಪಾಯಕ್ಕೆ ಹೋಗುತ್ತಾರೆ.

ಫ್ಲೋರೆಸೆಂಟ್ ಬಟ್ಟೆ ಹೊಳೆಯುವುದು ಹಗಲಿನಲ್ಲಿ. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣ ಅದರ ಮೇಲೆ ಬಿದ್ದು ಹಳದಿಯಾಗಿ ಹೊರಗೆ ಬರುತ್ತದೆ, ಅದಕ್ಕೇ ಮೋಡ ಕವಿದ ಮಧ್ಯಾಹ್ನದಲ್ಲೂ ಕಣ್ಣಿಗೆ ಹೊಡೆಯುತ್ತದೆ. ಬೀದಿ ದೀಪದಲ್ಲಿ, ಕಾರಿನ ದೀಪದಲ್ಲಿ ಆ ಕಿರಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ರಾತ್ರಿ ಅದು ಬರೀ ತಿಳಿ ಬಣ್ಣದ ಒಂದು ಬಟ್ಟೆ. ರಾತ್ರಿ ಕೆಲಸ ಮಾಡುವುದು ಅದರ ಮೇಲಿರುವ ಬೂದು ಬಣ್ಣದ ರಿಫ್ಲೆಕ್ಟರ್ ಪಟ್ಟಿ. ಅದು ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ, ಅಂದರೆ ಸೀದಾ ಚಾಲಕನ ಕಣ್ಣಿಗೆ.

ಜಾಕೆಟ್ ಬೇಡ ಅನ್ನುತ್ತಿಲ್ಲ. ಡೆನ್ಮಾರ್ಕ್‌ನಲ್ಲಿ ಸುಮಾರು 6,800 ಸವಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳದಿ ಜಾಕೆಟ್ ಕೊಟ್ಟು ಒಂದು ವರ್ಷ ಲೆಕ್ಕ ಇಟ್ಟರು. ಜಾಕೆಟ್ ಗುಂಪಿನವರು ಬೇರೆಯವರ ಜೊತೆ ಡಿಕ್ಕಿಯಾಗಿ ಗಾಯಗೊಂಡದ್ದು 47 ಶೇಕಡಾ ಕಡಿಮೆ. ಸವಾರರೇ ಹೇಳಿದ ಲೆಕ್ಕ ಅದು, ಸ್ವಲ್ಪ ತಗ್ಗಿಸಿ ನೋಡಿದರೂ ದೊಡ್ಡದೇ. ಆ ಜಾಕೆಟ್‌ನಲ್ಲಿ ರಿಫ್ಲೆಕ್ಟರ್ ಪಟ್ಟಿಯೂ ಇತ್ತು ಅನ್ನುವುದು ಮುಖ್ಯ.

ಇನ್ನೊಂದು ಪ್ರಯೋಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆದದ್ದು, ನನಗೆ ಅದು ಇನ್ನೂ ಉಪಯೋಗದ್ದು. ರಾತ್ರಿ ಹೊತ್ತು ಮುಚ್ಚಿದ ರಸ್ತೆಯಲ್ಲಿ ಕಾರು ಓಡಿಸಿ, ಸೈಕಲ್ ಸವಾರ ಇದ್ದಾನೆ ಅಂತ ಗೊತ್ತಾದಾಗ ಹೇಳಿ ಎಂದರು. ರಿಫ್ಲೆಕ್ಟರ್ ಇರುವ ವೆಸ್ಟ್, ಅಂದರೆ ತೋಳಿಲ್ಲದ ಜಾಕೆಟ್, ಮಾತ್ರ ಹಾಕಿದ ಸವಾರನನ್ನು ಅರ್ಧದಷ್ಟು ಸಲ ಗುರುತಿಸಿದರು. ಅದೇ ವೆಸ್ಟ್ ಜೊತೆಗೆ ಮಂಡಿಗೂ ಕಾಲ ಗಂಟಿಗೂ ರಿಫ್ಲೆಕ್ಟರ್ ಪಟ್ಟಿ ಕಟ್ಟಿಕೊಂಡಾಗ 90 ಶೇಕಡಾ. ಬರೀ ಫ್ಲೋರೆಸೆಂಟ್ ವೆಸ್ಟ್‌ಗೆ 15, ಕಪ್ಪು ಬಟ್ಟೆಗೆ 2. ಕಾರಣ ಸರಳ. ಬೆನ್ನ ಮೇಲಿನ ಪಟ್ಟಿ ಅಲುಗಾಡದೆ ಇರುತ್ತದೆ, ಅದು ರಸ್ತೆ ಫಲಕವೂ ಇರಬಹುದು, ಕಸದ ತೊಟ್ಟಿಯೂ ಇರಬಹುದು. ಮೇಲೆ ಕೆಳಗೆ ಆಡುವ ಎರಡು ಹೊಳಪು ಕಂಡರೆ ಪೆಡಲ್ ತುಳಿಯುತ್ತಿರುವ ಮನುಷ್ಯ ಅಂತ ತಲೆಗೆ ತಕ್ಷಣ ಹೊಳೆಯುತ್ತದೆ. ಇಲ್ಲಿನ ಕಾನೂನು ಪೆಡಲ್‌ಗೆ ಹಳದಿ ರಿಫ್ಲೆಕ್ಟರ್ ಕಡ್ಡಾಯ ಮಾಡಿದೆಯಲ್ಲ, ಅದು ಮಾಡುವುದೂ ಇದನ್ನೇ. ನಿಮ್ಮ ಪೆಡಲ್‌ನಲ್ಲಿ ಅವು ಇನ್ನೂ ಇವೆಯಾ ನೋಡಿ, ಹಳೇ ಸೈಕಲ್‌ನಲ್ಲಿ ಬಹಳ ಸಲ ಉದುರಿ ಹೋಗಿರುತ್ತವೆ. ಪ್ಯಾಂಟಿನ ತುದಿಗೆ ಕಟ್ಟುವ ಪಟ್ಟಿ ಎರಡು ಮೂರು ಯೂರೋಗೆ ಸಿಗುತ್ತದೆ. ನಿಮ್ಮ ಪಟ್ಟಿಯಲ್ಲಿ ಮೊದಲು ಅದನ್ನೇ ಬರೆದುಕೊಳ್ಳಿ.

ಈಗ ನಿಮಗೆ ಆದದ್ದರ ಬಗ್ಗೆ. ಅಡ್ಡರಸ್ತೆಯಿಂದ ಬರುವ ಕಾರಿನ ಹೆಡ್‌ಲೈಟ್ ಅದರ ಮೂಗಿನ ನೇರಕ್ಕೆ ಬೆಳಗುತ್ತದೆ. ನೀವು ಪಕ್ಕದಿಂದ ಬರುತ್ತಿದ್ದೀರಿ. ಆ ಬೆಳಕು ನಿಮ್ಮ ಮೇಲೆ ಬೀಳುವುದು ನೀವು ಅದರ ಎದುರಿಗೆ ಬಂದ ಮೇಲೆ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಅಂದರೆ ಅಲ್ಲಿ ಯಾವ ರಿಫ್ಲೆಕ್ಟರ್ ಪಟ್ಟಿಯೂ, ಎಷ್ಟೇ ದುಬಾರಿಯದಾದರೂ, ಸಮಯಕ್ಕೆ ಕೆಲಸ ಮಾಡುವುದಿಲ್ಲ! ನಿಮ್ಮದೇ ದೀಪ ಪಕ್ಕಕ್ಕೂ ಬೆಳಕು ಚೆಲ್ಲಿದರೆ ಮಾತ್ರ ಉಂಟು. ಕೆಲವು ದೀಪಗಳ ಎರಡೂ ಬದಿಯಲ್ಲಿ ಚಿಕ್ಕ ಕಿಟಕಿಯ ಹಾಗೆ ಬಿಟ್ಟಿರುತ್ತಾರೆ, ಕೊಳ್ಳುವಾಗ ಅಂಗಡಿಯಲ್ಲಿ ದೀಪ ಹಚ್ಚಿ ಪಕ್ಕದಿಂದ ನಿಂತು ನೋಡಿ. ಮುಂಭಾಗದಿಂದ ನೋಡಿದರೆ ಎಲ್ಲಾ ದೀಪವೂ ಚೆನ್ನಾಗಿಯೇ ಕಾಣುತ್ತದೆ.

ಮತ್ತೆ, ಇಂಥ ತಿರುವಿನಲ್ಲಿ ಕಾರಿನ ಮುಂದಿನ ಚಕ್ರ ನೋಡಿ. ಚಾಲಕನ ಕಣ್ಣು ನೋಡಿ ಅನ್ನುತ್ತಾರೆ, ಆದರೆ ಕತ್ತಲಲ್ಲಿ ಹೆಡ್‌ಲೈಟ್ ಹಿಂದೆ ಕೂತವರ ಕಣ್ಣು ಎಲ್ಲಿ ಕಾಣಬೇಕು? ಚಕ್ರ ಉರುಳುತ್ತಿದೆಯಾ ನಿಂತಿದೆಯಾ ಅನ್ನುವುದು ಕಾಣುತ್ತದೆ. ನಿಂತಿಲ್ಲ ಅಂದರೆ ಪೆಡಲ್ ತುಳಿಯುವುದು ಬಿಟ್ಟು ಬ್ರೇಕ್ ಮೇಲೆ ಕೈ ಇಡಿ. ದಾರಿಯ ಹಕ್ಕು ನಿಮ್ಮದೇ ಆಗಿರಲಿ, ದಾರಿ ಬಿಡಿ ಅಂತ ನೆಲದ ಮೇಲೆ ಬಳಿದ ಬಿಳಿ ತ್ರಿಕೋನಗಳು ಅವರ ಕಡೆಗೇ ಮುಖ ಮಾಡಿರಲಿ, ಆದರೂ.

ಕಾನೂನು ಒಂದೆರಡು ಮಾತಿನಲ್ಲಿ: ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು. ದೀಪವನ್ನು ಸೈಕಲ್ ಮೇಲೆ ಹಾಕಬಹುದು, ಎದೆಗೆ ಬೆನ್ನಿಗೆ ಸಿಕ್ಕಿಸಬಹುದು, ತಲೆಗೆ ಕೈಕಾಲಿಗೆ ಆಗುವುದಿಲ್ಲ. ಮಿನುಗುವ ದೀಪಕ್ಕೆ ಅನುಮತಿ ಇಲ್ಲ, ಪೊಲೀಸರು ಚಳಿಗಾಲದಲ್ಲಿ ಹಿಡಿದು ದಂಡ ಹಾಕುತ್ತಾರೆ. ಹಗಲಿನಲ್ಲೂ ಮಂಜು ಕವಿದಿದ್ದರೆ ದೀಪ ಬೇಕೇ ಬೇಕು. ಸೈಕಲ್ ಓಡಿಸುತ್ತಾ ಫೋನ್ ಹಿಡಿಯುವುದು 2019ರ ಜುಲೈಯಿಂದ ನಿಷೇಧ.

ಇಸಾರ್_ಕನ್ನಡಿಗ

ನಾನು ಮ್ಯೂನಿಕ್‌ನಿಂದ. ಮೇಲಿನವರು ಹೇಳಿದ್ದೆಲ್ಲಾ ಸರಿ. ಮಿನುಗುವ ದೀಪದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಜರ್ಮನಿಯಲ್ಲೂ ಸೈಕಲ್‌ಗೆ ಹಾಕಿದ ದೀಪ ಮಿನುಗುವ ಹಾಗಿಲ್ಲ. ಮಿನುಗಿದರೆ ಕಣ್ಣು ಅತ್ತ ಹೋಗುತ್ತದೆ ನಿಜ, ಆದರೆ ಅದು ಎಷ್ಟು ದೂರ ಇದೆ, ಎಷ್ಟು ಜೋರಾಗಿ ಬರುತ್ತಿದೆ ಅಂತ ಅಳೆಯುವುದು ಕಷ್ಟ. ಕತ್ತಲಲ್ಲಿ ಬೇರೆ ಆಧಾರ ಏನೂ ಇರುವುದಿಲ್ಲ, ಒಂದೊಂದು ಸಲ ಆರಿದಾಗಲೂ ನೀವು ಬೇರೆ ಜಾಗದಲ್ಲಿ ಹುಟ್ಟಿ ಬರುತ್ತೀರಿ. ಸ್ಥಿರ ದೀಪವೇ ಒಳ್ಳೆಯದು.

ಮುಂದಿನ ದೀಪವನ್ನು ಮೇಲಕ್ಕೆ ಎತ್ತಿ ಇಡಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಎರಡೂ ಕಡೆಯಿಂದ ಸೈಕಲ್ ಬರುವ, ಬೀದಿ ದೀಪ ಇಲ್ಲದ ದಾರಿಯಲ್ಲಿ ಎದುರಿನವರ ಕಣ್ಣಿಗೆ ಸೀದಾ ಬಿದ್ದರೆ ಅವರಿಗೆ ದಾರಿಯ ಅಂಚೂ ಕಾಣುವುದಿಲ್ಲ, ಪಕ್ಕದಲ್ಲಿ ನಡೆಯುತ್ತಿರುವ ಮುದುಕರೂ ಕಾಣುವುದಿಲ್ಲ. ಬೆಳಕಿನ ನಡುಭಾಗ ಮುಂದೆ ಒಂದು ಹತ್ತು ಮೀಟರ್ ದೂರದಲ್ಲಿ ನೆಲಕ್ಕೆ ಬೀಳಬೇಕು. ಜರ್ಮನಿಯ ನಿಯಮಕ್ಕೆ ಹೊಂದುವ ದೀಪಗಳಲ್ಲಿ ಬೆಳಕು ಮೇಲ್ಗಡೆ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ, ಅವುಗಳ ಮೇಲೆ ಅಲೆಗೆರೆ, ಇಂಗ್ಲಿಷಿನ ಕೆ (K) ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ನೀವು ಗಡಿಯ ಹತ್ತಿರವೇ ಇದ್ದೀರಲ್ಲ, ಅಂಥದ್ದನ್ನೇ ತಗೊಳ್ಳಿ. ಮುಂದಿನ ಚಕ್ರದ ಹಬ್, ಅಂದರೆ ನಡುಗುಂಬದ ಒಳಗೇ ಡೈನಮೋ ಇರುವ ಸೈಕಲ್ ಸಿಕ್ಕರೆ ಇನ್ನೂ ನೆಮ್ಮದಿ, ಚಾರ್ಜ್ ಮಾಡಲು ಮರೆತೆ ಅನ್ನುವ ಪ್ರಶ್ನೆಯೇ ಇಲ್ಲ, ಸಿಗ್ನಲ್‌ನಲ್ಲಿ ನಿಂತಾಗಲೂ ಕೆಲವು ನಿಮಿಷ ಉರಿಯುತ್ತದೆ. ಬ್ಯಾಟರಿ ದೀಪವಾದರೆ ಚಳಿಗೆ ಬೇಗ ಇಳಿಯುತ್ತದೆ. ರಾತ್ರಿ ಮನೆ ಒಳಗೆ ತಂದಿಡಿ, ಸೊನ್ನೆಗಿಂತ ಕೆಳಗಿರುವ ಶೆಡ್‌ನಲ್ಲಿ ಚಾರ್ಜ್‌ಗೆ ಹಾಕಬೇಡಿ, ಲಿಥಿಯಂ ಬ್ಯಾಟರಿ ಹಾಳಾಗುತ್ತದೆ.

ಯಾರೂ ಹೇಳದ ಇನ್ನೊಂದು ವಿಷಯ, ಬಿಸಿಲು. ಚಳಿಗಾಲದಲ್ಲಿ ಬಿಸಿಲಾ ಅನ್ನಬೇಡಿ. ಡಿಸೆಂಬರ್ ನಡುಮಧ್ಯಾಹ್ನ ನಿಮ್ಮ ಐಂಡ್‌ಹೋವನ್‌ನಲ್ಲಿ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿ ಮಾತ್ರ ಮೇಲಿರುತ್ತಾನೆ. ಅದೇ ದಿನ ಮೈಸೂರಿನಲ್ಲಿ 54 ಡಿಗ್ರಿ. ಅಂದರೆ ಮೋಡ ಇಲ್ಲದ ದಿನ ಇಡೀ ಹಗಲು ಬಿಸಿಲು ಚಾಲಕರ ಮುಖಕ್ಕೇ ಹೊಡೆಯುತ್ತದೆ, ರಸ್ತೆ ಒದ್ದೆ ಇದ್ದರೆ ಕೆಳಗಿನಿಂದಲೂ ಹೊಳೆಯುತ್ತದೆ. ನಿಮ್ಮ ನೆರಳು ನೋಡಿಕೊಳ್ಳಿ. ನೆರಳು ನಿಮ್ಮ ಮುಂದೆ ಉದ್ದಕ್ಕೆ ಬಿದ್ದಿದ್ದರೆ, ಎದುರಿನಿಂದ ಬಂದು ನಿಮ್ಮ ದಾರಿಗೆ ಅಡ್ಡ ತಿರುಗುವ ಕಾರಿನವರಿಗೆ ನೀವು ಕಾಣುತ್ತಿಲ್ಲ ಅಂತಲೇ ತಿಳಿದುಕೊಳ್ಳಿ. ಸೂರ್ಯ ನಿಮ್ಮ ಕಣ್ಣಿಗೇ ಹೊಡೆಯುತ್ತಿದ್ದರೆ ಹಿಂದಿನಿಂದ ಬರುವವರಿಗೂ ಅದೇ ಕಷ್ಟ, ಆಗ ಹಿಂದಿನ ಕೆಂಪು ದೀಪ ಹಗಲಿನಲ್ಲೂ ಉರಿಯಲಿ.

ಕೆಂಪು_ಪೆಡಲ್

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದಾರಿ ಬಿಡಬೇಕಾದವರು ಕಾರಿನವರು. ಎರಡು ದೀಪ ಹಾಕಿಕೊಂಡು ಸರಿಯಾಗಿ ಹೋಗುತ್ತಿದ್ದ ತಾಯಿಗೆ ಕಾಲಿಗೆ ಪಟ್ಟಿ ಕಟ್ಟಿಕೋ, ಬೆನ್ನಿಗೆ ಹಳದಿ ಹಾಕಿಕೋ, ನೆರಳು ನೋಡಿಕೋ ಅಂತ ಇಷ್ಟುದ್ದ ಹೇಳುತ್ತಿದ್ದೀರಿ. ನಾಳೆ ಯಾರಾದರೂ ಗುದ್ದಿದರೆ ಅವಳು ಜಾಕೆಟ್ ಹಾಕಿರಲಿಲ್ಲ ಅಂತ ಅವಳ ತಲೆಗೇ ಕಟ್ಟುತ್ತಾರೆ, ಅಲ್ವಾ? ನೆದರ್‌ಲ್ಯಾಂಡ್ಸ್ ಜನ ಕಪ್ಪು ಕೋಟಿನಲ್ಲೇ ಓಡಾಡುವುದು ಯಾಕೆಂದರೆ ಅಲ್ಲಿ ರಸ್ತೆಯನ್ನೇ ಸರಿಯಾಗಿ ಕಟ್ಟಿದ್ದಾರೆ. ಬೇರೆ ಸೈಕಲ್ ದಾರಿ, ತಿರುವಿನಲ್ಲಿ ಕಾರಿನ ವೇಗ ಇಳಿಸುವ ಉಬ್ಬು, ಅದು ನಿಜವಾದ ಸುರಕ್ಷತೆ.

ಡೊಮ್ಮೆಲ್_ದಂಡೆ

ನೀವು ಹೇಳುವುದರಲ್ಲಿ ನ್ಯಾಯ ಇದೆ, ಮತ್ತು ಇಲ್ಲಿನ ಕಾನೂನೂ ನಿಮ್ಮ ಕಡೆಗೇ ಇದೆ. ಇಲ್ಲಿ ಕಾರು ಸೈಕಲ್‌ಗೆ ಗುದ್ದಿದರೆ, ಸೈಕಲ್‌ನವರು 14 ವರ್ಷದ ಒಳಗಿನವರಾದರೆ ಪೂರ್ತಿ ನಷ್ಟ, ದೊಡ್ಡವರಾದರೆ ಕಡಿಮೆಯೆಂದರೂ ಅರ್ಧ ನಷ್ಟ ಕಾರಿನ ಕಡೆಯವರು ತುಂಬಿಕೊಡಬೇಕು, ಬಹಳ ಅಪರೂಪದ ಸಂದರ್ಭ ಬಿಟ್ಟು. ಹಳದಿ ಜಾಕೆಟ್ ಹಾಕದೇ ಇದ್ದದ್ದು ತಪ್ಪು ಅಂತ ಯಾವ ನಿಯಮವೂ ಇಲ್ಲ, ಹಾಗೆ ಯಾರಾದರೂ ಅಂದರೆ ನಾನೂ ಜಗಳಕ್ಕೆ ಬರುತ್ತೇನೆ. ಆದರೆ ಪರಿಹಾರ ಬರುವುದು ಏಟು ಬಿದ್ದ ಮೇಲೆ. ಇವರು ಕೇಳಿದ್ದು ನಾಳೆ ಬೆಳಿಗ್ಗೆ ಮಗು ಕೂರಿಸಿಕೊಂಡು ಹೋಗುವಾಗ ಏನು ಮಾಡಲಿ ಅಂತ. ಉಬ್ಬು ಹಾಕಿಸಲು ನಗರಸಭೆಗೆ ಬರೆಯೋಣ, ಬರೆಯಲೇಬೇಕು. ಆ ತಿರುವಿನ ಬಗ್ಗೆ ಅವರಿಗೆ ದೂರು ಕೊಡಲು ಆನ್‌ಲೈನ್ ವ್ಯವಸ್ಥೆ ಇದೆ, ಅಕ್ಕ ಅದನ್ನು ಖಂಡಿತ ಮಾಡಿ. ಕಾಲಿಗೆ ಪಟ್ಟಿಯನ್ನೂ ಕಟ್ಟಿ.

ರಸ್ತೆ ಕಟ್ಟುವ ಮಾತು ಬಂದದ್ದಕ್ಕೆ ಹೇಳುತ್ತೇನೆ, ನಮ್ಮ ಊರಿನ ಪಕ್ಕದ ನ್ಯೂನನ್ ಹತ್ತಿರ ಕತ್ತಲಲ್ಲಿ ಹೊಳೆಯುವ ಸೈಕಲ್ ದಾರಿ ಇದೆ. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಅಲ್ಲಿ ಇದ್ದರು, ಅದಕ್ಕೇ ಅವರ ಹೆಸರು ಇಟ್ಟು 2014ರಲ್ಲಿ ಮಾಡಿದ್ದು. ಹಗಲಿನ ಬೆಳಕು ಹೀರಿಕೊಂಡು ರಾತ್ರಿ ಹೊಳೆಯುವ ಸಾವಿರಾರು ಚಿಕ್ಕ ಕಲ್ಲು. ಮಗಳನ್ನು ಒಂದು ಸಂಜೆ ಕರೆದುಕೊಂಡು ಹೋಗಿ, ತುಂಬಾ ಖುಷಿಪಡುತ್ತಾಳೆ. ಆದರೆ ಅದು ದಾರಿಯನ್ನು ತೋರಿಸುತ್ತದೆ, ಸವಾರನನ್ನಲ್ಲ, ಅಲ್ಲೂ ದೀಪ ಬೇಕು.

ಮೈಸೂರು_ಮಲ್ಲಿಗೆ

ಎಷ್ಟೊಂದು ವಿಷಯ! ಎಲ್ಲರಿಗೂ ಧನ್ಯವಾದ. ಅಡ್ಡರಸ್ತೆಯ ಕಾರಿನ ಬೆಳಕು ನನ್ನ ಮೇಲೆ ಬೀಳುವುದೇ ಇಲ್ಲ ಅನ್ನುವುದು ಈಗ ಅರ್ಥವಾಯಿತು. ಪೆಡಲ್ ನೋಡಿದೆ, ಒಂದರಲ್ಲಿ ರಿಫ್ಲೆಕ್ಟರ್ ಇದೆ, ಇನ್ನೊಂದರಲ್ಲಿ ಬರೀ ತೂತು ಇದೆ. ನಾಳೆ ಹಾಕಿಸುತ್ತೇನೆ. ನಗರಸಭೆಗೂ ಬರೆಯುತ್ತೇನೆ.

ಹೆಪ್ಪುಗಟ್ಟುವ ಬಗ್ಗೆ ಯಾರೂ ಹೇಳಲಿಲ್ಲ. ಆಫೀಸಿಗೆ ಹೋಗುವಾಗ ಹೋವನ್‌ರಿಂಗ್ ಅನ್ನುವ ದೊಡ್ಡ ದುಂಡಗಿನ ತೂಗುಸೇತುವೆ ಮೇಲೆ ಹೋಗಬೇಕು. ಅದರ ಮೇಲೆ ಜಾರುತ್ತದಾ? ಹವಾಮಾನ ಆಪ್‌ನಲ್ಲಿ 2 ಡಿಗ್ರಿ ಅಂತ ತೋರಿಸಿದರೆ ಭಯ ಇಲ್ಲ ತಾನೇ, ಸೊನ್ನೆಗಿಂತ ಮೇಲೇ ಇದೆಯಲ್ಲ?

ಶಿವಮೊಗ್ಗ_ಟು_ಔಲು

ಅಕ್ಕಾ, 2 ಡಿಗ್ರಿಯೇ ಅಪಾಯದ್ದು! ನಾನು ಫಿನ್‌ಲ್ಯಾಂಡ್‌ನ ಔಲುವಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಕಾಣುವುದೇ ಮೂರೂವರೆ ನಾಲ್ಕು ಗಂಟೆ, ಆದರೂ ಮಕ್ಕಳು ಸೈಕಲ್‌ನಲ್ಲೇ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಬಗ್ಗೆಯೇ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನ ಮೊದಲು ನಡೆದದ್ದು ಇದೇ ಊರಿನಲ್ಲಿ, 2013ರಲ್ಲಿ. ಇಲ್ಲಿಗೆ ಬಂದು ನನಗೆ ಗೊತ್ತಾದದ್ದು ಏನೆಂದರೆ ಮೈನಸ್ ಹದಿನೈದರಲ್ಲಿ ಗಟ್ಟಿಯಾಗಿ ಒತ್ತಿ ಕೂತ ಹಿಮದ ಮೇಲೆ ಸೈಕಲ್ ಹೊಡೆಯುವುದು, ಸೊನ್ನೆಯ ಆಚೀಚೆ ಆಡುವ ಒದ್ದೆ ರಸ್ತೆಯಲ್ಲಿ ಹೊಡೆಯುವುದಕ್ಕಿಂತ ಸುಲಭ. ನಿಮ್ಮ ಊರಿನದ್ದು ಎರಡನೇ ಜಾತಿ.

ಆಪ್ ತೋರಿಸುವುದು ಗಾಳಿಯ ಉಷ್ಣಾಂಶ, ಅದೂ ನೆಲದಿಂದ ಎರಡು ಮೀಟರ್ ಎತ್ತರದ್ದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲಾ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಆಗ ಗಾಳಿ 2 ಡಿಗ್ರಿ ಇದ್ದರೂ ರಸ್ತೆಯ ಮೈ ಸೊನ್ನೆಗಿಂತ ಕೆಳಗೆ ಹೋಗಿರುತ್ತದೆ. ಹಿಂದಿನ ಸಂಜೆ ಮಳೆ ಬಂದಿದ್ದರೆ ಅದೇ ನೀರು ಬೆಳಿಗ್ಗೆ ಗಾಜಿನ ಹಾಗೆ ತೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಕಪ್ಪಗೆ ಒದ್ದೆ ರಸ್ತೆಯಂತೆಯೇ ಕಾಣುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ, ಅವುಗಳ ಕೆಳಗೆ ಬೆಚ್ಚಗಿನ ಮಣ್ಣಿಲ್ಲ, ಮೇಲೂ ಗಾಳಿ ಕೆಳಗೂ ಗಾಳಿ. ನಿಮ್ಮ ತೂಗುಸೇತುವೆಗೂ ಇದೇ ಲೆಕ್ಕ. ಅದಕ್ಕೆ ಹತ್ತುವ ಇಳಿಜಾರು ಇರುತ್ತದಲ್ಲ, ಇಳಿಯುವಾಗ ವೇಗ ಮೊದಲೇ ಕಡಿಮೆ ಮಾಡಿಕೊಂಡು ನೇರವಾಗಿ ಇಳಿಯಿರಿ, ತಿರುಗುತ್ತಾ ಬ್ರೇಕ್ ಹಿಡಿಯಬೇಡಿ.

ಬೆಳಿಗ್ಗೆ ಹೊರಡುವ ಮೊದಲು ಮನೆ ಮುಂದೆ ನಿಂತ ಕಾರಿನ ಗಾಜು ನೋಡಿ. ಅದರ ಮೇಲೆ ಬಿಳಿ ಹಿಮ ಕೂತಿದ್ದರೆ ದಾರಿಯಲ್ಲೂ ಇರಬಹುದು. ಶೂ ತುದಿಯಿಂದ ನೆಲ ಉಜ್ಜಿ ನೋಡಿ.

ಜಾರುವ ಜಾಗಕ್ಕೆ ಬಂದೇಬಿಟ್ಟಿರಿ ಅಂದರೆ ಏನೂ ಮಾಡಬೇಡಿ. ನಿಜ, ಏನೂ ಮಾಡಬೇಡಿ. ಬ್ರೇಕ್ ಬೇಡ, ಹ್ಯಾಂಡಲ್ ತಿರುಗಿಸುವುದು ಬೇಡ, ಪೆಡಲ್ ಬೇಡ. ನೇರವಾಗಿ ಉರುಳಲು ಬಿಡಿ. ಮುಂದಿನ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಜಾರುತ್ತದೆ, ಅದು ಜಾರಿದರೆ ಯಾರಿಗೂ ಸಾವರಿಸಲು ಆಗುವುದಿಲ್ಲ. ಹಿಂದಿನ ಚಕ್ರ ಸ್ವಲ್ಪ ಜಾರಿದರೂ ಬಹಳ ಸಲ ಸುಧಾರಿಸಬಹುದು. ಸೀಟನ್ನು ಒಂದೆರಡು ಬೆರಳು ಇಳಿಸಿಕೊಳ್ಳಿ, ಎರಡೂ ಕಾಲು ನೆಲಕ್ಕೆ ತಾಗಬೇಕು. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಜಾಸ್ತಿ, ಆದರೆ ಟೈರಿನ ಮೇಲೆ ಬರೆದಿರುವ ಕನಿಷ್ಠಕ್ಕಿಂತ ಕೆಳಗೆ ಬೇಡ, ಮಗುವಿನ ಭಾರವೂ ಇದೆ. ಎಲೆ ಕೊಳೆತು ಬಿದ್ದ ಕಡೆ, ರಸ್ತೆಗೆ ಬಳಿದ ಬಿಳಿ ಬಣ್ಣದ ಮೇಲೆ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಇದೇ ಎಚ್ಚರಿಕೆ.

ಉಪ್ಪು ಹಾಕಿದ್ದಾರೆ ಅಂತ ಪೂರ್ತಿ ನಂಬಬೇಡಿ. ಉಪ್ಪು ಕರಗಿ ಬೆರೆಯಬೇಕಾದರೆ ಅದರ ಮೇಲೆ ಚಕ್ರಗಳು ಓಡಾಡಬೇಕು. ಕಾರಿನ ರಸ್ತೆಯಲ್ಲಿ ಅದು ಬೇಗ ಆಗುತ್ತದೆ, ಸೈಕಲ್ ದಾರಿಯಲ್ಲಿ ನಿಧಾನ, ಅದರಲ್ಲೂ ಬೆಳಿಗ್ಗೆ ಮೊದಲು ಹೋಗುವವರಿಗೆ. ಮೈನಸ್ ಹತ್ತರ ಹತ್ತಿರ ಹೋದರೆ ಉಪ್ಪು ಹೆಚ್ಚುಕಡಿಮೆ ಸೋತುಬಿಡುತ್ತದೆ, ಇಲ್ಲಿ ಅದಕ್ಕೇ ಕಲ್ಲಿನ ಹರಳು ಹಾಕುತ್ತಾರೆ. ಮೊಳೆ ಟೈರ್ ಅಂತ ಸಿಗುತ್ತದೆ, ರಬ್ಬರಿನಲ್ಲಿ ಟಂಗ್‌ಸ್ಟನ್ ಕಾರ್ಬೈಡ್‌ನ ಚಿಕ್ಕ ಮೊಳೆಗಳು. ಇಲ್ಲಿ ನಮಗೆ ಅದಿಲ್ಲದೆ ಆಗುವುದಿಲ್ಲ. ನಿಮಗೆ ವರ್ಷಕ್ಕೆ ಕೆಲವೇ ದಿನ ಬೇಕಾಗಬಹುದು, ಉಳಿದ ದಿನ ಒಣ ಡಾಂಬರಿನ ಮೇಲೆ ಕರಕರ ಸದ್ದು, ಭಾರವೂ ಜಾಸ್ತಿ. ನಾನಾದರೆ ಮಗು ಇರುವಾಗ ಅಂಥ ದಿನ ಬಸ್ ಹತ್ತುತ್ತೇನೆ. ಮಳೆ ಬೀಳುತ್ತಲೇ ಹೆಪ್ಪುಗಟ್ಟುತ್ತದೆ ಅಂತ ಹವಾಮಾನದವರು ಎಚ್ಚರಿಕೆ ಕೊಟ್ಟ ದಿನವಂತೂ ಮೊಳೆ ಟೈರ್ ಇದ್ದರೂ ಮಗುವನ್ನು ಕೂರಿಸಬೇಡಿ.

ಸಕಲೇಶಪುರ_ಸವಾರ

ಹಿಮದ ಬಗ್ಗೆ ಹೇಳುವಷ್ಟು ನನಗೆ ಗೊತ್ತಿಲ್ಲ, ಆದರೆ ಮಂಜಿನ ಬಗ್ಗೆ ಹೇಳಬಲ್ಲೆ. ಡಿಸೆಂಬರ್ ಜನವರಿಯಲ್ಲಿ ನಮ್ಮ ಕಡೆ ಬೆಳಿಗ್ಗೆ ಎಂಟರವರೆಗೂ ಇಪ್ಪತ್ತು ಅಡಿ ಮುಂದೆ ಏನೂ ಕಾಣದ ದಿನಗಳಿವೆ. ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಸೈಕಲ್ ಹೊಡೆಯುವವರಿಗೂ ಇದು ಗೊತ್ತಿರುತ್ತದೆ, ದೇವನಹಳ್ಳಿ ಕಡೆ ಮಂಜಿಗೆ ವಿಮಾನಗಳೇ ತಡವಾಗುತ್ತವೆ.

ಮಂಜಿನಲ್ಲಿ ರಿಫ್ಲೆಕ್ಟರ್ ಅರ್ಧಕ್ಕರ್ಧ ಸೋಲುತ್ತದೆ. ಕಾರಿನ ಬೆಳಕು ಮಂಜು ದಾಟಿ ನಿಮ್ಮ ತನಕ ಬರಬೇಕು, ಮತ್ತೆ ಅದೇ ಮಂಜು ದಾಟಿ ವಾಪಸ್ ಹೋಗಬೇಕು. ನಿಮ್ಮ ದೀಪದ ಬೆಳಕು ಒಂದೇ ಸಲ ದಾಟಿದರೆ ಸಾಕು. ಹಾಗಾಗಿ ಮಂಜಿನ ದಿನ ಹಿಂದೆ ಒಳ್ಳೆಯ ಕೆಂಪು ದೀಪ, ಸಾಧ್ಯವಾದರೆ ಎರಡು, ಒಂದು ಸ್ವಲ್ಪ ಮೇಲೆ ಇನ್ನೊಂದು ಕೆಳಗೆ. ಮುಂದಿನ ದೀಪವನ್ನು ಕೆಳಕ್ಕೆ ಬಾಗಿಸಿ, ಮೇಲೆತ್ತಿದರೆ ನಿಮ್ಮ ಕಣ್ಣಿಗೇ ಬಿಳಿ ಗೋಡೆ ಎದ್ದ ಹಾಗೆ ಆಗುತ್ತದೆ. ಮತ್ತೆ ಕಿವಿ. ಮಂಜಿನಲ್ಲಿ ನಾನು ಅರ್ಧ ಕಿವಿಯಿಂದಲೇ ಸೈಕಲ್ ಹೊಡೆಯುತ್ತೇನೆ. ಇಯರ್‌ಫೋನ್ ಬೇಡ, ಕಿವಿ ಮುಚ್ಚುವ ದಪ್ಪ ಟೋಪಿಯೂ ಬೇಡ.

ಭಾರತದಲ್ಲಿ ಹೊಸ ಸೈಕಲ್‌ಗಳಿಗೆ ರಿಫ್ಲೆಕ್ಟರ್ ಇರಲೇಬೇಕು ಅಂತ ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಮಾಡಿದೆ. ಆದರೆ ನಮ್ಮ ಊರಿನಲ್ಲಿ ಕಾಫಿ ತೋಟದ ಕೆಲಸಕ್ಕೆ ಕತ್ತಲಲ್ಲೇ ಹೋಗುವವರ ಸೈಕಲ್‌ಗಳು ಹತ್ತು ಇಪ್ಪತ್ತು ವರ್ಷ ಹಳೆಯವು, ಹಿಂದಿನ ಮಡ್‌ಗಾರ್ಡ್ ಮೇಲೆ ಒಂದು ಬಿಲ್ಲೆ ಕೆಂಪು ಉಳಿದಿದ್ದರೆ ಅದೇ ಜಾಸ್ತಿ. ಅಂಥವರಿಗೆ ಒಂದು ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್ ಸುರುಳಿ ತಂದು ಹಿಂದಿನ ಮಡ್‌ಗಾರ್ಡ್‌ಗೆ, ಪೆಡಲ್‌ನ ಅಂಚಿಗೆ ಅಂಟಿಸಿಕೊಡಿ. ಲಾರಿಗಳಿಗೆ ಅಂಟಿಸುತ್ತಾರಲ್ಲ, ಅದೇ. ಆಟೋಮೊಬೈಲ್ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ.

ಧಾರವಾಡ_ಪೇಡೆ

ನಾನು ಶಾಲೆಗೆ ಹೋಗುವ ಕಾಲಕ್ಕೆ ದೀಪ ಇಲ್ಲದ ಸೈಕಲ್ ಹಿಡಿದರೆ ಪೊಲೀಸರು ಗಾಳಿ ಬಿಟ್ಟು ಕಳಿಸುತ್ತಿದ್ದರು. ಟೈರಿಗೆ ಉಜ್ಜುವ ಡೈನಮೋ ಇತ್ತು, ಅದನ್ನು ಒತ್ತಿದರೆ ಪೆಡಲ್ ಭಾರ, ಸೈಕಲ್ ನಿಂತರೆ ದೀಪ ಆರುತ್ತಿತ್ತು. ಈಗ ಹಬ್ ಒಳಗೇ ಬಂದಿದೆ, ನಿಂತರೂ ಉರಿಯುತ್ತದೆ ಅಂತ ಓದಿ ಬಹಳ ಸಂತೋಷವಾಯಿತು. ಮಲ್ಲಿಗೆ ಅವರೇ, ಮಗುವಿಗೆ ಹೆಲ್ಮೆಟ್ ಹಾಕಿಸುತ್ತಿದ್ದೀರಿ ತಾನೇ?

ಮೈಸೂರು_ಮಲ್ಲಿಗೆ

ಹೌದು ಸರ್, ಅವಳಿಗೂ ಹಾಕುತ್ತೇನೆ, ನಾನೂ ಹಾಕುತ್ತೇನೆ. ಇಲ್ಲಿ ಹೆಚ್ಚಿನವರು ಹಾಕುವುದಿಲ್ಲ, ಶಾಲೆ ಗೇಟಿನ ಹತ್ತಿರ ಎಲ್ಲರೂ ನೋಡುತ್ತಾರೆ, ನೋಡಲಿ.

ಕೊನೆಯದಾಗಿ ಒಂದು ಪ್ರಶ್ನೆ. ಇವತ್ತು ಸಂಜೆ ಯಜಮಾನರನ್ನು ಸೈಕಲ್ ಹಿಂದೆ ನಿಲ್ಲಿಸಿ ನೋಡಲು ಹೇಳಿದೆ. ಮಗಳ ಮಳೆಕೋಟು ಸೀಟಿನಿಂದ ಕೆಳಗೆ ಇಳಿಬಿದ್ದು ಕ್ಯಾರಿಯರ್ ಹಿಂದಿನ ಕೆಂಪು ದೀಪ ಅರ್ಧ ಮುಚ್ಚುತ್ತದೆ. ಸಂಜೆ ತರಕಾರಿ ತಂದರೆ ಪಕ್ಕದ ಚೀಲ ಉಬ್ಬಿ ಪಕ್ಕದಿಂದಲೂ ಕಾಣುವುದಿಲ್ಲ. ತಲೆಯಿಂದ ಇಳಿಬಿಡುವ ನನ್ನ ಮಳೆ ಹೊದಿಕೆ, ಪೊಂಚೋ, ಹ್ಯಾಂಡಲ್ ಮೇಲೆ ಹರಡಿದರೆ ಮುಂದಿನ ದೀಪದ್ದೂ ಅದೇ ಕಥೆ. ಎರಡನೇ ದೀಪ ಎಲ್ಲಿ ಹಾಕಲಿ?

ಡೊಮ್ಮೆಲ್_ದಂಡೆ

ಹಿಂದೆ ನಿಂತು ನೋಡಿಸಿದ್ದು ತುಂಬಾ ಒಳ್ಳೆಯದಾಯಿತು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಎಲ್ಲರೂ ಇದನ್ನು ಮಾಡಬೇಕು, ಮಗು ಕೂತಿರುವಾಗಲೇ, ಕೋಟು ಚೀಲ ಎಲ್ಲಾ ಇರುವಾಗಲೇ.

ಮಗುವಿನ ಸೀಟಿನ ಬೆನ್ನಿಗೆ ಹಿಂದುಗಡೆ ಒಂದು ಕೆಂಪು ದೀಪ ಹಾಕಿ. ಕೆಲವು ಸೀಟುಗಳಲ್ಲಿ ಅದಕ್ಕೆ ಜಾಗ ಮಾಡಿರುತ್ತಾರೆ, ಇಲ್ಲದಿದ್ದರೆ ರಬ್ಬರ್ ಪಟ್ಟಿಯ ದೀಪವನ್ನು ಸೀಟಿನ ತೂತುಗಳಿಗೆ ಸುತ್ತಿ ಕಟ್ಟಬಹುದು. ಮಗುವಿನ ಕೈಗೆ ಸಿಗದ ಹಾಗೆ ಹಾಕಿ, ಇಲ್ಲದಿದ್ದರೆ ಆರಿಸಿ ಹಚ್ಚಿ ಆಟ ಆಡುತ್ತಾಳೆ. ಕ್ಯಾರಿಯರ್ ದೀಪವನ್ನೂ ಬಿಡಬೇಡಿ, ಒಂದರ ಬ್ಯಾಟರಿ ಹೋದರೂ ಇನ್ನೊಂದು ಇರಲಿ. ಮಗಳ ಮಳೆಕೋಟನ್ನು ಕೂರಿಸಿದ ಮೇಲೆ ಅವಳ ತೊಡೆ ಕೆಳಗೆ ಮಡಚಿ ಸಿಕ್ಕಿಸಿ, ಚಕ್ರಕ್ಕೆ ಸಿಕ್ಕಿಕೊಳ್ಳುವ ಅಪಾಯವೂ ತಪ್ಪುತ್ತದೆ.

ಪೊಂಚೋಗೆ ಎರಡು ದಾರಿ ಇವೆ. ಇಲ್ಲಿ ಸಿಗುವ ಕೆಲವು ಪೊಂಚೋಗಳಲ್ಲಿ ದೀಪದ ಎದುರಿಗೆ ಪಾರದರ್ಶಕ ಕಿಟಕಿ ಇರುತ್ತದೆ, ಅಂಥದ್ದು ತಗೊಳ್ಳಿ. ಅಥವಾ ಮುಂದಿನ ದೀಪವನ್ನು ಹ್ಯಾಂಡಲ್‌ನಿಂದ ತೆಗೆಸಿ ಮುಂದಿನ ಚಕ್ರದ ಮೇಲೆ, ಮಡ್‌ಗಾರ್ಡ್ ಹತ್ತಿರ ಹಾಕಿಸಿ, ಅಲ್ಲಿಗೆ ಬಟ್ಟೆ ಬರುವುದಿಲ್ಲ. ಎರಡನೆಯದೇ ನನಗೆ ಇಷ್ಟ. ಸೈಕಲ್ ಅಂಗಡಿಯಲ್ಲಿ ಹೇಳಿದರೆ ಹತ್ತು ನಿಮಿಷದ ಕೆಲಸ, ಪೆಡಲ್ ರಿಫ್ಲೆಕ್ಟರ್ ಹಾಕಿಸಲು ಹೋಗುತ್ತೀರಲ್ಲ, ಒಟ್ಟಿಗೇ ಮಾಡಿಸಿಬಿಡಿ.